ಪೊದೆಯಾದ ಅಳಿಯ

ಹಬ್ಬದ ದಿನ ಯಾರ ಕೈಗೂ ಸಿಗದಂತೆ ಅಡಗಿದವನಿಗೆ ಮೆರವಣಿಗೆಯ ಮುಂದೆ ಕೊಂಬು ಊದುವ ಗೌರವ ಎಂದು ಕರ್ನಲ್ ಸಾರಿದ್ದೇ ಲಿನ್ವಲ್‌ನ ತಲೆ ಕೆಡಿಸಿತು. ಜಮೈಕಾದ ಆ ಗುಡ್ಡದೂರಿನಲ್ಲಿ ಕರ್ನಲ್ ಎಂದರೆ ಊರಿನ ಮುಖಂಡರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಮರೂನರು ಕಟ್ಟಿದ ಊರದು. ಅವರ ಹಿರಿಯರು ಮೈಗೆ ಬಳ್ಳಿ ಸುತ್ತಿ, ಪೊದೆಯಾಗಿ ನಿಂತೇ ಬ್ರಿಟಿಷ್ ಸಿಪಾಯಿಗಳ ಬೆವರಿಳಿಸಿದವರು. ಲಿನ್ವಲ್ ಮಾತ್ರ ಕಡಲತೀರದಿಂದ ಬಂದ ಮನೆಯಳಿಯ. ಮದುವೆಯಾಗಿ ಹನ್ನೊಂದು ವರ್ಷ ಕಳೆದರೂ ಮಾವ ಒಬದಾಯನಿಗೆ ಅವನು ಹೊರಗಿನವನೇ. ಇವತ್ತು ಕೊಂಬು ಊದಿ ಮಾವನ ಬಾಯಿ ಮುಚ್ಚಿಸಲೇಬೇಕಿತ್ತು.

ಬೆಳಿಗ್ಗೆ ಏಳಕ್ಕೇ ಬಳ್ಳಿ ಸುತ್ತಿಕೊಂಡು ದೀವಿಹಲಸಿನ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಪಕ್ಕದ ಪೊದೆ, ಪಕ್ಕದ ಮನೆಯ ಆಸ್ಟನ್. ಅರ್ಧ ಗಂಟೆಗೇ ಆ ಪೊದೆ ಎದ್ದು ನಿಂತಿತು.

"ಹೊಟ್ಟೆ ಚುರುಗುಟ್ತಿದೆ ಮಾರಾಯ. ಮನೆಗೆ ಹೋಗಿ ತಿಂದು ಮಲಗ್ತೀನಿ. ಯಾರಿಗೂ ಹೇಳ್ಬೇಡ."

ಒಬ್ಬ ಪೈಪೋಟಿಗಾರ ಕಡಿಮೆಯಾದನೆಂದು ಲಿನ್ವಲ್‌ಗೆ ಒಳಗೊಳಗೇ ಖುಷಿ.

ಆಮೇಲೆ ಇರುವೆಗಳು ಕಾಲು ಹತ್ತಿದವು. ಅತ್ತೆ ಐಸಿಲ್ಡಾ ಬಂದು ತನ್ನ ಒದ್ದೆ ತಲೆವಸ್ತ್ರವನ್ನು ಅವನ ಮೇಲೇ ಹರವಿ, ಮರದ ನೆರಳಲ್ಲಿ ಕೂತು, ಅಳಿಯನ ಸೋಮಾರಿತನವನ್ನು ಮೂವರು ನೆರೆಯವರಿಗೆ ಸವಿಸ್ತಾರವಾಗಿ ಬಣ್ಣಿಸಿದಳು. ನೆರೆಯವರು ತಮಗೆ ಗೊತ್ತಿದ್ದಷ್ಟನ್ನು ಸೇರಿಸಿದರು. ಮೇಕೆಯೊಂದು ಎಡಭುಜದ ಎಲೆಯನ್ನೆಲ್ಲ ಮುಗಿಸಿ ಅಂಗಿಗೆ ಬಾಯಿ ಹಾಕಿತು. ಲಿನ್ವಲ್ ಉಸಿರೆತ್ತಲಿಲ್ಲ. ಅಡಗಿದ್ದ ಇತರರು ಒಬ್ಬೊಬ್ಬರಾಗಿ ಸಿಕ್ಕಿಬೀಳುವ ಗದ್ದಲ ಮಾತ್ರ ಕೇಳಿಸುತ್ತಲೇ ಇತ್ತು.

ಮೂರು ಗಂಟೆಗೆ ಕರ್ನಲ್, ಆಟ ಮುಗಿಯಿತು, ಸಿಗದವರು ಎದ್ದು ಬನ್ನಿ ಎಂದು ಕೂಗಿದರು. ಲಿನ್ವಲ್ ಎದ್ದ. ಅತ್ತೆ ಕಿಟಾರನೆ ಕಿರುಚಿದಳು. ಜನ ಚಪ್ಪಾಳೆ ತಟ್ಟಿದರು. ಮಾವನೇ ಬಂದು ಬೆನ್ನು ಸವರಿದಾಗ ಅವನ ಕಣ್ಣು ತುಂಬಿತು. ಕೊಂಬಿಗೆ ಕೈ ಚಾಚಿದ.

"ತಾಳು," ಎಂದ ಮಾವ. "ಆಸ್ಟನ್ ಇನ್ನೂ ಬಂದಿಲ್ವಲ್ಲ?"

ಎಲ್ಲರೂ ಕೂಗಿದರು, ಪೊದೆ ಪೊದೆಯನ್ನೂ ಬಡಿದು ನೋಡಿದರು. ಆಸ್ಟನ್‌ನ ಸುಳಿವಿಲ್ಲ. ಕರ್ನಲ್‌ಗೆ ಮೈ ಜುಮ್ಮೆಂದಿತು.

"ಕರೆದ್ರೆ ಎದ್ದು ಬರೋನು ಅಳಿಯ. ಕರೆದ್ರೂ ಬರದೋನು ಮರೂನ್. ಕೊಂಬು ಆಸ್ಟನ್‌ಗೇ."

ಲಿನ್ವಲ್‌ಗೆ ತಡೆಯಲಾಗಲಿಲ್ಲ. "ಅವನು ಮನೇಲಿ ಬಿದ್ಕೊಂಡಿದಾನೆ, ಕರ್ನಲ್ ಸಾಹೇಬ್ರೆ. ಬೆಳಿಗ್ಗೇನೇ ಎದ್ದು ಹೋದ."

ಮಾವ ಅವನ ಬೆನ್ನ ಮೇಲಿದ್ದ ಕೈ ತೆಗೆದ.

"ಅಡಗಿರೋನ ಜಾಗಾನ ನಮ್ಮೋರು ಪ್ರಾಣ ಹೋದ್ರೂ ಬಾಯಿಬಿಡ್ತಿರ್ಲಿಲ್ಲ," ಎಂದ ಜನರ ಕಡೆ ತಿರುಗಿ. "ಇವನು ನೋಡಿ, ಯಾರೂ ಕೇಳದೇನೇ ಹೇಳ್ಬಿಟ್ಟ."