ಮೂರನೇ ಸಿಲಿಂಡರಿನ ಟಿಕ್ ಟಿಕ್

ಮಾವ ಸಂಜೆಯ ಬಸ್ಸಿಗೆ ಬರುವವರಿದ್ದರು. ಊರಿಂದ ಬಂದವರು ಮೊದಲು ಕೈಕಾಲು ತೊಳೆಯುತ್ತಾರೆ, ಅನಂತರ ಕಾಫಿ ಕುಡಿಯುತ್ತಾರೆ, ಆಮೇಲೆ ನೇರವಾಗಿ ಕಾರಿನ ಶೆಡ್ಡಿಗೆ ಹೋಗುತ್ತಾರೆ. ಈ ಕ್ರಮ ಎಂದೂ ತಪ್ಪಿದ್ದಿಲ್ಲ. ಆದ್ದರಿಂದ ಅವರ ಕಾಫಿ ಲೋಟ ಖಾಲಿಯಾಗುವುದರೊಳಗೆ ಎಂಜಿನ್ನಿನ ಸದ್ದು ನಿಲ್ಲಲೇಬೇಕೆಂಬುದು ಅಳಿಯನ ಲೆಕ್ಕವಾಗಿತ್ತು.

ಹೊರಡುವಾಗ ಮಾವ ಕಾರಿನ ಕೀಯನ್ನು ಗೋಡೆಯ ಮೊಳೆಗೆ ತೂಗುಹಾಕಿ, “ಅಳಿಯಂದ್ರೇ, ಧೂಳು ಒರೆಸಿ, ಸಾಕು. ನಾನು ಬರೋ ಹೊತ್ತಿಗೆ ಗಾಡಿ ಇದ್ದ ಹಾಗೇ ಇದ್ರೆ ಆಮೇಲೆ ಕೀ ನಿಮ್ಮದೇ” ಎಂದಿದ್ದರು. ಅಳಿಯ ಮರುದಿನವೇ ಕಾರನ್ನು ಹೊರಗೆ ತೆಗೆದಿದ್ದ. ರೇಡಿಯೋ ಗಟ್ಟಿಯಾಗಿ ಹಾಕಿ, ಅದಕ್ಕಿಂತ ಗಟ್ಟಿಯಾಗಿ ತಾನೂ ಹಾಡುತ್ತ ಹೋದವನಿಗೆ ರೇಡಿಯೇಟರಿನಲ್ಲಿ ನೀರಿಲ್ಲವೆಂಬುದು ತಿಳಿದದ್ದು, ಬಾನೆಟ್ಟು ಕುದಿಯುವ ಹಂಡೆಯಂತೆ ಹಬೆಯಾಡಿದಾಗ. ಆ ಕಾವಿಗೆ ಎಂಜಿನ್ನಿನ ಹೆಡ್ಡು, ಎಂದರೆ ಸಿಲಿಂಡರುಗಳ ಮೇಲೆ ಕೂರುವ ಭಾರಿ ಮುಚ್ಚಳ, ಸೊಟ್ಟಗಾಗಿತ್ತು. ಮೆಕ್ಯಾನಿಕ್ ಅದನ್ನು ಬಿಚ್ಚಿ, ಮೆಷಿನ್ ಅಂಗಡಿಯಲ್ಲಿ ಮಟ್ಟ ಮಾಡಿಸಿ, ವಾಲ್ವುಗಳನ್ನು ಅರೆದು ಕೂರಿಸಿ, ಈ ದಿನ ಬೆಳಿಗ್ಗೆ ಕಾರನ್ನು ಶೆಡ್ಡಿಗೆ ತಂದಿದ್ದ.

ಅಳಿಯ ಕೀ ತಿರುಗಿಸಿದ. ಟಿಕ್, ಟಿಕ್, ಟಿಕ್.

ಅವನು ಮೆಕ್ಯಾನಿಕ್ಕಿನತ್ತ ತಿರುಗಿದ. “ಅಣ್ಣಾ, ಇದೇನಿದು?”

“ವಾಲ್ವ್ ಸದ್ದು ಸಾರ್. ಗ್ಯಾಪ್ ಅಳತೆಗೆ ಸರಿಯಾಗೇ ಬಿಟ್ಟಿದ್ದೀನಿ. ಹಳೇ ಗಾಡಿ, ಒಂಚೂರು ಮಾತಾಡುತ್ತೆ.”

“ಅದು ಮಾತಾಡಿದ್ರೆ ನನ್ನ ಕತೆ ಮುಗೀತು! ನಮ್ಮ ಮಾವನ ಕಿವಿ ನಿಮಗೆ ಗೊತ್ತಿಲ್ಲ. ಪಕ್ಕದ ಮನೆ ನಲ್ಲಿ ತೊಟ್ಟಿಕ್ಕಿದ್ರೆ ಇಲ್ಲಿ ಎದ್ದು ಕೂತ್ಕೋತಾರೆ.”

ಹೆಂಡತಿಯನ್ನು ಕರೆದ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಕಾರಿನ ಎದುರು ನಿಂತು ಕಿವಿಗೊಟ್ಟಳು.

“ಯಾವ ಸದ್ದು ರೀ? ನಂಗೇನೂ ಕೇಳಿಸ್ತಿಲ್ಲಪ್ಪ. ನಿಮಗೆ ಭಯಕ್ಕೆ ಹಾಗನ್ನಿಸ್ತಿದೆ.”

ಅಪ್ಪನ ಕಿವಿ ಮಗಳಿಗೆ ಬಂದಿಲ್ಲವೆಂದು ಅಳಿಯ ತೀರ್ಮಾನಿಸಿದ.

“ನನಗೆ ಚೆನ್ನಾಗಿ ಕೇಳಿಸ್ತಿದೆ!” ಎಂದು ಮಹಡಿಯಿಂದ ಕೂಗು ಬಂತು. ಹಿಂದಿನ ವಾರವಷ್ಟೇ ಬಾಡಿಗೆಗೆ ಬಂದಿದ್ದ ಕಾಂಪೌಂಡರು ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡೇ ಇಳಿದು ಬಂದರು.

ಅಳಿಯ ಕ್ರಮಬದ್ಧವಾಗಿ ತಪಾಸಣೆಗೆ ತೊಡಗಿದ. ಆಯಿಲ್ ನೋಡಿಸಿದ: ಸರಿಯಾಗಿತ್ತು. ಫ್ಯಾನ್ ಬೆಲ್ಟನ್ನು ಕಳಚಿಸಿದ: ಸದ್ದು ಹೋಗಲಿಲ್ಲ, ಮತ್ತೆ ಹಾಕಿಸಿದ. ಹೊಗೆಕೊಳವೆ ಸೋರುತ್ತಿದೆಯೇ ಎಂದು ಬೆರಳೊಡ್ಡಿ ನೋಡಿದ: ಸೋರಿಕೆ ಇರಲಿಲ್ಲ, ಬೆರಳು ಮಾತ್ರ ಸುಟ್ಟಿತು. ಕೊನೆಗೆ ಕಾಂಪೌಂಡರು ಎಂಜಿನ್ನಿನ ಮೇಲೆ ಸ್ಟೆತಾಸ್ಕೋಪ್ ಸರಿಸುತ್ತ ಹೋಗಿ ಒಂದೆಡೆ ಕಣ್ಣರಳಿಸಿದರು.

“ಸಿಕ್ತು! ಮೂರನೇ ಸಿಲಿಂಡರು. ಗಟ್ಟಿ ಬಡಿತ ಕಣ್ರೀ. ಇದನ್ನ ನಿಲ್ಲಿಸ್ಬೇಕಾ? ನಮ್ಮ ಆಸ್ಪತ್ರೇಲಿ ಇದು ನಿಂತ್ರೆ ಮನೆಯವರಿಗೆ ಹೇಳಿಕಳಿಸ್ತೀವಿ.”

ಮೆಕ್ಯಾನಿಕ್ ಬೇಡವೆಂದು ತಲೆಯಾಡಿಸಿದ. “ವಾಲ್ವಿನ ಸ್ಕ್ರೂ ಬಿಗಿ ಮಾಡಿದ್ರೆ ಸದ್ದು ಹೋಗುತ್ತೆ ಸಾರ್. ಆದ್ರೆ ಎಂಜಿನ್ ಕಾದಾಗ ವಾಲ್ವ್ ಹಿಗ್ಗುತ್ತೆ, ಅದಕ್ಕೆ ಜಾಗ ಬೇಕು. ಇಲ್ದಿದ್ರೆ ಪೂರ್ತಿ ಮುಚ್ಕೊಳ್ಳಲ್ಲ. ನಾನಂತೂ ಮಾಡಲ್ಲ.”

“ಸ್ಪ್ಯಾನರ್ ಕೊಡಿ ಇಲ್ಲಿ.”

ಎಂಜಿನ್ನು ಆರುವವರೆಗೆ ಅಳಿಯ ಗೇಟನ್ನೂ ಅದನ್ನೂ ಸರದಿಯಲ್ಲಿ ನೋಡುತ್ತ ಕುಳಿತ. ಮಧ್ಯಾಹ್ನ ಜಾರಿತು. ಸ್ಕ್ರೂವನ್ನು ಒಂದು ಎಳೆಯಷ್ಟು ಬಿಗಿಮಾಡಿ ಚಾಲೂ ಮಾಡಿದ: ಟಿಕ್ ಮೆತ್ತಗಾಯಿತು. ಇನ್ನೊಂದು ಎಳೆ: ಪಿಸುಮಾತಾಯಿತು. ಬೆವರಿಗೆ ಸ್ಪ್ಯಾನರ್ ಜಾರುತ್ತಿತ್ತು. ಹೊರಗೆ ಬಸ್ಸಿನ ಹಾರನ್ನು ಕೇಳಿದೊಡನೆ ಹಲ್ಲುಕಚ್ಚಿ ಮತ್ತೊಮ್ಮೆ ತಿರುಗಿಸಿದ.

ಕ್ಷಣಮಾತ್ರ ಚಾಲೂ ಮಾಡಿ ಕಿವಿಗೊಟ್ಟ. ಸದ್ದಡಗಿತ್ತು! ಎಂಜಿನ್ನು ಬೈಸಿಕೊಂಡ ಮಗುವಿನಂತೆ ತೆಪ್ಪಗಿತ್ತು.

ಗೇಟು ಕಿರುಗುಟ್ಟಿತು. ಮೆಕ್ಯಾನಿಕ್ ಹಿಂದಿನ ಗೋಡೆ ಹಾರಿದ. ಕಾಂಪೌಂಡರು ತಮ್ಮ ಎದೆಬಡಿತವನ್ನೇ ಕೇಳಿಸಿಕೊಳ್ಳುವವರಂತೆ ನಟಿಸುತ್ತ ಮೆಟ್ಟಿಲು ಹತ್ತಿದರು. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಇಣುಕಿದಳು.

“ಏನಾಯ್ತು ರೀ? ಗಾಡಿ ಶುರುವಾಯ್ತು, ಆದ್ರೂ ಯಾಕೋ ಬಿಕೋ ಅನ್ನಿಸ್ತು.”

“ನೀನು ಕಾಫಿ ಮಾಡು ಮಾರಾಯ್ತಿ!”

ಮಾವ ಕೈಕಾಲು ತೊಳೆದರು. ಕಾಫಿ ಕುಡಿದರು. ಶೆಡ್ಡಿಗೆ ಬಂದು, ಕಾರಿನಲ್ಲಿ ಕುಳಿತು, ಕೀ ತಿರುಗಿಸಿ ಕಣ್ಮುಚ್ಚಿದರು. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಅಳಿಯ ಬಾಗಿಲ ಪಕ್ಕ ನಿಂತಿದ್ದ.

“ಅಳಿಯಂದ್ರೇ, ಹೆಡ್ ಯಾರು ಬಿಚ್ಚಿದ್ದು?”

“ಬಿ... ಬಿಚ್ಚಿದ್ದಾ? ಮಾವ, ಒಂಚೂರೂ ಸದ್ದೇ ಇಲ್ವಲ್ಲ!”

“ಅದಕ್ಕೇ ಕೇಳ್ತಿರೋದು. ಈ ಗಾಡಿ ಕೊಂಡ ದಿನದಿಂದ ಮೂರನೇ ಸಿಲಿಂಡರು ಟಿಕ್ ಟಿಕ್ ಅಂತಾನೇ ಇತ್ತು. ನಿಮ್ಮ ಹೆಂಡ್ತಿ ಮಗುವಾಗಿದ್ದಾಗ ಅತ್ತರೆ, ಆ ಸದ್ದು ಕೇಳಿಸಿಯೇ ಮಲಗಿಸ್ತಿದ್ವಿ.”

ಅಷ್ಟರಲ್ಲಿ ಎಂಜಿನ್ನಿಗೆ ಕಾವೇರಿತು. ಅದು ಒಮ್ಮೆ ಕೆಮ್ಮಿತು, ಇಡೀ ಮೈ ನಡುಗಿಸಿತು, ನಿಂತುಹೋಯಿತು. ಮಾವ ಕೀಯನ್ನು ಕಳಚಿ ತಮ್ಮ ಜೇಬಿಗೆ ಹಾಕಿಕೊಂಡರು.

ತಪಾಸಣೆಯಿಂದ ತಿಳಿದುಬಂದದ್ದು ಇಷ್ಟು: ಬೆಳಿಗ್ಗೆ ಎಂಜಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ, ಸಂಜೆಗೆ ಒಂದಿತ್ತು.