ನಾಲ್ಕು ಹೇಂಟೆ, ಆರು ಮೊಟ್ಟೆ

ಇಸ್ತ್ರಿ ಮಾಡಿ ಮೇಜಿನ ಮೇಲೆ ಹರಡಿದ್ದ ಬಿಳಿ ಅಂಗಿಯ ಬೆನ್ನಿನ ಮೇಲೆ ಕೋಳಿಯ ಹೆಜ್ಜೆಗಳು ಸಾಲಾಗಿ ಮೂಡಿದ್ದವು, ಯಾರೋ ಬಾಣದ ಗುರುತು ಬರೆದು ದಾರಿ ತೋರಿಸಿದ ಹಾಗೆ. ಕೋಳಿಯ ಹೆಜ್ಜೆಯ ಸ್ವಭಾವವೇ ಅಂಥದ್ದು. ಅದು ಹೋಗುವುದು ಒಂದು ಕಡೆ, ಬಾಣ ತೋರಿಸುವುದು ಇನ್ನೊಂದು ಕಡೆ. ಈ ಕೋಳಿ ಕಾಲರಿನ ತನಕ ಹೋಗಿ, ಒಂದು ಗಳಿಗೆ ನಿಂತು, ನಿಂತದ್ದಕ್ಕೆ ಸಾಕ್ಷಿಯನ್ನೂ ಬಿಟ್ಟು ಕಿಟಕಿಯಿಂದ ಇಳಿದು ಹೋಗಿತ್ತು. ಅಂಗಿ ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ತರರದು. ಹೊಲಿದವನು ಟೇಲರ್. ಈಗ ಮತ್ತೆ ಒಗೆಯಬೇಕಾದವಳು ಟೇಲರನ ಹೆಂಡತಿ.

ಆಕೆ ಕೂಗಾಡಿದ್ದರೆ ಟೇಲರ್ ಹೆದರುತ್ತಿರಲಿಲ್ಲ. ಆಕೆ ಅಂಗಿಯನ್ನು ಮೆಲ್ಲಗೆ ಮಡಚಿ ಬಕೆಟ್ಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು.

"ಇವತ್ತು ಸಂಜೆ ನನ್ನ ತಮ್ಮ ಬರ್ತಾನೆ. ಅಷ್ಟರೊಳಗೆ ಒಂದೇ ಒಂದು ಮೊಟ್ಟೆ ಕಾಣಿಸ್ಲಿ. ಇಲ್ಲ ಅಂದ್ರೆ ನಾಲ್ಕನ್ನೂ ಅವನ ಬುಟ್ಟೀಲಿ ಹಾಕಿ ಕಳಿಸ್ತೀನಿ."

ಈ ತಮ್ಮನಿಗೆ ಮಾರುಕಟ್ಟೆಯಲ್ಲಿ ಮಾಂಸದ ಅಂಗಡಿ. ಬುಟ್ಟಿ ಅಂದರೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇನ್ನೂ ಎಳೇವು ಕಣೇ. ಇವತ್ತೋ ನಾಳೆಯೋ ಅನ್ನೋ ಹಾಗಿವೆ."

"ಆ ಇವತ್ತೋ ನಾಳೆಯೋ ಕೇಳಿ ಕೇಳಿ ನನ್ನ ಕಿವಿ ತೂತು ಬಿತ್ತು ಕಣ್ರೀ," ಎಂದು ಆಕೆ ಬಕೆಟ್ ಎತ್ತಿಕೊಂಡು ಹೋದಳು.

ಕೆಂಪಿ, ಬೂದಿ, ಚುಕ್ಕಿ, ದೊಡ್ಡಕ್ಕ ಎಂಬ ಆ ನಾಲ್ಕು ಹೇಂಟೆಗಳನ್ನು ಟೇಲರ್ ಅಂಗೈಯಗಲದ ಮರಿಗಳಾಗಿದ್ದಾಗ ತಂದವನು. ಈಗ ಐದು ತಿಂಗಳು ಕಳೆದು ಎರಡು ವಾರ. ಹೊಲಿಸುವ ಗಿರಾಕಿಗಳ ಅಳತೆ ಪುಸ್ತಕದಲ್ಲೇ ಅವಕ್ಕೂ ಒಂದೊಂದು ಪುಟ ಮಾಡಿದ್ದ. ನೆತ್ತಿಯ ಜುಟ್ಟು ಎಷ್ಟು ಬೆಳೆಯಿತು, ಎಷ್ಟು ಕೆಂಪಾಯಿತು, ಎಲ್ಲ ಅಲ್ಲಿತ್ತು. ಬಾಲದ ಕೆಳಗಿನ ಎರಡು ಎಲುಬುಗಳ ನಡುವೆ ಮೂರು ಬೆರಳು ಹಿಡಿಸಿದರೆ ಮೊಟ್ಟೆಗೆ ಹತ್ತಿರ ಅಂತ ಮೇವಿನ ಅಂಗಡಿಯವನು ಹೇಳಿದ್ದ. ಟೇಲರಿಗೆ ಬೆರಳಿನ ಲೆಕ್ಕದಲ್ಲಿ ನಂಬಿಕೆಯಿಲ್ಲ. ಟೇಪು ಹಿಡಿದೇ ನೋಡುತ್ತಿದ್ದ. ದೊಡ್ಡಕ್ಕ ಪ್ರತಿ ಸಲವೂ ತಿರುಗಿ, ನಿನಗೆ ನಾಚಿಕೆಯಾಗುವುದಿಲ್ಲವೇ ಎನ್ನುವ ಹಾಗೆ ನೋಡುತ್ತಿತ್ತು.

ಮೇವಿನ ಅಂಗಡಿಯವನು ಇನ್ನೂ ಒಂದು ಮಾತು ಹೇಳಿದ್ದ. ಮೊಟ್ಟೆಯಿಡುವ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ಜಾಸ್ತಿ, ಅದನ್ನು ಎಳೆಯವಕ್ಕೆ ಆತುರಪಟ್ಟು ಹಾಕಬಾರದು, ಒಳಗೆಲ್ಲ ಕೆಡುತ್ತದೆ. ಮೊದಲ ಮೊಟ್ಟೆ ಕಾಣುವ ತನಕ ಬೆಳೆಯುವ ಕೋಳಿಯ ಮೇವು, ಕಂಡ ಮೇಲೆ ಮೆಲ್ಲಗೆ ಆ ಇನ್ನೊಂದು. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಟ್ಟರೆ ಬೇಕಾದವು ಬೇಕಾದಷ್ಟು ತಿನ್ನುತ್ತವೆ. ತಣ್ಣನೆಯ ನೀರು ಸದಾ ಇರಲಿ. ಮೊಟ್ಟೆಯಿಡುವ ಜಾಗ ಕತ್ತಲಾಗಿ, ಮರೆಯಾಗಿ ಇರಲಿ. ಮರೆಯ ಮಾತು ಟೇಲರಿಗೆ ಬಲು ಹಿಡಿಸಿತ್ತು. ಉಳಿದ ಲೈನಿಂಗ್ ಬಟ್ಟೆಯಲ್ಲಿ ನೆರಿಗೆ ಹಿಡಿದು, ಮೇಲೆ ಎಲಾಸ್ಟಿಕ್ ಕೊಟ್ಟು, ಗೂಡಿನ ಬಾಯಿಗೆ ಎರಡು ಪದರದ ಪರದೆ ಹೊಲಿದು ಕಟ್ಟಿದ್ದ. ಮನೆಯ ಕಿಟಕಿಗಳಿಗೆ ಅಂಥ ಪರದೆ ಇರಲಿಲ್ಲ. ಹೆಂಡತಿ ಅದನ್ನು ಗಮನಿಸಿದ್ದಳು.

ಆ ದಿನ ಮೇವಿನ ತಟ್ಟೆ ನೋಡಿದರೆ ಹಾಕಿದ್ದು ಹಾಕಿದ ಹಾಗೇ ಇತ್ತು. ಕೋಳಿಗಳ ಕೊರಳ ಚೀಲ ಮಾತ್ರ ಹತ್ತಿ ತುಂಬಿದ ದಿಂಬಿನಂತೆ ಉಬ್ಬಿತ್ತು. ಟೇಲರ್ ಒಗೆದು ಹಾಕಿದ ಹೊದಿಕೆಯ ಹಿಂದೆ ನಿಂತು ಕಾದ. ಎಡಗಡೆಯ ಗೋಡೆಯ ಮೇಲಿಂದ ಒಂದು ಬಳೆಯ ಕೈ ಬಂದು ನೆನೆಸಿದ ನುಚ್ಚು ಚೆಲ್ಲಿ ಮಾಯವಾಯಿತು. ಅದು ಎಡಮನೆಯ ಅಜ್ಜಿ. ಹಿಂದಿನ ಬೇಲಿಯಿಂದ ಒಣಗಿದ ಬ್ರೆಡ್ಡಿನ ತುಂಡುಗಳು ಮಳೆಯಂತೆ ಬಿದ್ದವು. ಅದು ಬೇಕರಿಯವನು. ಬಲಗಡೆಯಿಂದ ಹೆಡ್ಮಾಸ್ತರರು, ಯಾವುದೋ ಪತ್ರಿಕೆಯಲ್ಲಿ ಓದಿಕೊಂಡವರು, ಮೊಳಕೆ ಬಂದ ಗೋಧಿಯನ್ನು ಒಂದೊಂದೇ ಕಾಳಾಗಿ ಕೋಳಿಯ ಹೆಸರು ಹಿಡಿದು ಹಾಜರಿ ಕರೆಯುತ್ತ ಕೊಟ್ಟರು.

ಟೇಲರ್ ಮೂರು ಮನೆಗೂ ಹೋದ. ಜಗಳವಾಡುವ ಗುಂಡಿಗೆ ಅವನಿಗಿಲ್ಲ. ನಿಮ್ಮ ಪ್ರೀತಿ ತಿಂದು ಅವುಗಳ ಹೊಟ್ಟೆಯಲ್ಲಿ ಮೇವಿಗೆ ಜಾಗವಿಲ್ಲ, ಬರೀ ಕೊಬ್ಬು ಕೂತರೆ ಕೋಳಿ ಮೊಟ್ಟೆಯಿಡಲ್ಲ, ಸಂಜೆಗೆ ಮೊಟ್ಟೆ ಕಾಣದಿದ್ದರೆ ಬುಟ್ಟಿಗೆ ಹೋಗುತ್ತವೆ ಎಂದು ಹೇಳಿ ಬಂದ. ಅಜ್ಜಿ ನುಚ್ಚಿನ ಪಾತ್ರೆಯನ್ನು ಕೆಳಗಿಟ್ಟು ಬಾಯಿಗೆ ಸೆರಗು ಹಿಡಿದಳು. ಹೆಡ್ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಬೇಕರಿಯವನು ಮಧ್ಯಾಹ್ನ ಪ್ಯಾಂಟಿನ ಅಳತೆಗೆ ಬರುವುದಿತ್ತು, ಬಂದಾಗ ಮಾತಾಡೋಣ ಎಂದ.

ಮಧ್ಯಾಹ್ನದ ಹೊತ್ತಿಗೆ ಗೂಡು ಖಾಲಿಯೇ ಇತ್ತು. ಆಗ ಟೇಲರ್ ತನ್ನ ಬಾಳಿನಲ್ಲಿ ಮೊದಲ ಸಲ ಮೋಸಕ್ಕೆ ಇಳಿದ. ಮೂಲೆಯಂಗಡಿಗೆ ಹೋಗಿ ಎರಡು ಮೊಟ್ಟೆ ತಂದು, ಒಂದನ್ನು ಅಂಗಿಯ ಜೇಬಿನಲ್ಲೂ ಇನ್ನೊಂದನ್ನು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲೂ ಇಟ್ಟ. ಹಿತ್ತಲಿಗೆ ಹೊರಡುವಷ್ಟರಲ್ಲಿ ಬೇಕರಿಯವನು ಬಾಗಿಲಲ್ಲಿ ನಿಂತಿದ್ದ. ಅವನ ಸೊಂಟ ಎಂಥದ್ದೆಂದರೆ, ಟೇಪು ಸುತ್ತಿ ತರಬೇಕಾದರೆ ಟೇಲರ್ ಅವನನ್ನು ತಬ್ಬಿಕೊಳ್ಳಲೇಬೇಕು. ತಬ್ಬಿಕೊಂಡ. ಇಬ್ಬರ ನಡುವೆ ಏನೋ ಚಟ್ಟೆಂದಿತು.

ಬೇಕರಿಯವನು ತನ್ನ ಹೊಟ್ಟೆಯ ಮೇಲೆ ಇಳಿಯುತ್ತಿದ್ದ ಹಳದಿಯನ್ನು ನೋಡಿದ. ಆಮೇಲೆ ಟೇಲರನ ಜೇಬು ನೋಡಿದ. ಆಮೇಲೆ ಮುಖ. ಮೊಟ್ಟೆಯೊಂದಿಗೇ ದಿನ ಕಳೆಯುವವನು, ಅವನಿಗೆ ಎಲ್ಲ ಅರ್ಥವಾಯಿತು.

"ಅಷ್ಟು ಕಷ್ಟಕ್ಕೆ ಬಂದಿದೆಯೇನಣ್ಣಾ," ಎಂದಷ್ಟೇ ಹೇಳಿ, ಹೊಟ್ಟೆ ಒರೆಸಿಕೊಂಡು ಹೋದ.

ಟೇಲರ್ ಡ್ರಾಯರಿನ ಮೊಟ್ಟೆಯನ್ನು ಒಯ್ದು, ಆಚೀಚೆ ನೋಡಿ, ಪರದೆಯೊಳಗೆ ಕೈ ತೂರಿಸಿ ಹುಲ್ಲಿನ ಆಳದಲ್ಲಿ ಇಟ್ಟು, ಹಿಂತಿರುಗಿ ನೋಡದೆ ಬಂದ. ಆಮೇಲೆ ಸಂಜೆಯ ತನಕ ಒಂದೇ ತೋಳನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದ. ಹಿತ್ತಲ ಕಡೆಗೆ ತಲೆ ಹಾಕಲು ಧೈರ್ಯವಾಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಭಾಮೈದ ಬಂದ, ಕಂಕುಳಲ್ಲಿ ಬುಟ್ಟಿ. ಅವನ ಹಿಂದೆಯೇ, ಯಾರೂ ಕರೆಯದಿದ್ದರೂ, ಅಜ್ಜಿ, ಹೆಡ್ಮಾಸ್ತರರು, ಬೇಕರಿಯವನು ಮೂವರೂ ಹಿತ್ತಲಲ್ಲಿ ನೆರೆದರು. ಟೇಲರ್ ಪರದೆಗೆ ಕೈಹಾಕುವಷ್ಟರಲ್ಲಿ ಭಾಮೈದ ತಡೆದ.

"ನೀವು ಇರಿ ಭಾವ. ನಾನೇ ನೋಡ್ತೀನಿ."

ಅವನು ಮಂಡಿಯೂರಿ ಭುಜದ ತನಕ ತೋಳನ್ನು ಒಳಗೆ ಬಿಟ್ಟ. ಸ್ವಲ್ಪ ತಡಕಾಡಿದ. ಆಮೇಲೆ ಅವನ ಮುಖ ಒಂದು ಥರ ಆಯಿತು. ಒಂದು ಮೊಟ್ಟೆ ತೆಗೆದು ಅಕ್ಕನ ಸೆರಗಿಗಿಟ್ಟ. ಇನ್ನೊಂದು ತೆಗೆದ. ಮತ್ತೊಂದು. ಆರನೆಯದು ಬಂದಾಗ ಹಿತ್ತಲಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ. ತಾನು ಇಟ್ಟದ್ದು ಒಂದು, ಹಾಗಾದರೆ ಐದು ಮೊಟ್ಟೆ ತನ್ನ ಮಕ್ಕಳವು ಎಂದು ಟೇಲರನ ಕಣ್ಣು ತುಂಬಿತು.

"ನಾಲ್ಕು ಕೋಳಿ, ಆರು ಮೊಟ್ಟೆ," ಎಂದಳು ಹೆಂಡತಿ, ಮೆಲ್ಲಗೆ.

ಮೊದಲ ದಿನ ಕೂಡಿಟ್ಟದ್ದೆಲ್ಲ ಒಟ್ಟಿಗೆ ಬರುವುದುಂಟು ಎಂದು ಹೆಡ್ಮಾಸ್ತರರು ಗಂಟಲು ಸರಿಮಾಡಿಕೊಂಡು ವಿವರಿಸಿದರು. ಒಂದು ಬಿಳಿ ಒಂದು ಕಂದು ಯಾಕೆ ಎಂದರೆ ಕೋಳಿಗಳ ಬಣ್ಣವೇ ಬೇರೆ ಬೇರೆಯಲ್ಲವೇ ಎಂದ ಬೇಕರಿಯವನು. ಒಂದು ಮಾತ್ರ ಫ್ರಿಜ್ಜಿನಿಂದ ತೆಗೆದಂತೆ ತಣ್ಣಗೆ ಇದೆಯಲ್ಲ ಎಂದು ಭಾಮೈದ ಕೇಳಿದಾಗ ಹೆಡ್ಮಾಸ್ತರರು ಆಕಾಶ ನೋಡಿದರು. ಬೂದಿಯದ್ದಿರಬೇಕು, ಅದು ಮೊದಲಿಂದಲೂ ಶಾಂತ ಸ್ವಭಾವದ್ದು ಎಂದಳು ಅಜ್ಜಿ.

ಭಾಮೈದ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆಯೇ ಕುಳಿತ. "ಇಂಥ ಕೋಳಿ ಕುಯ್ಯೋರು ಉಂಟಾ ಅಕ್ಕ. ಮನೆ ಕೋಳಿ ಮೊಟ್ಟೆ ಬೇಕು ಅಂತ ಗಿರಾಕಿಗಳು ನನ್ನ ಜೀವ ತಿಂತಿದಾರೆ. ನಾಳೆಯಿಂದ ದಿನಾ ಬೆಳಗ್ಗೆ ಇಷ್ಟೂ ನನ್ನ ಅಂಗಡಿಗೇ ಬರ್ಲಿ. ಎಲ್ಲರಿಗೂ ಹೇಳ್ಬಿಡ್ತೀನಿ."

"ಕಳಿಸ್ತಾರೆ ಬಿಡೋ," ಎಂದಳು ಅಕ್ಕ.

ಅವನು ಹೋದ ಮೇಲೆ ಟೇಲರ್ ಕೋಳಿಗಳನ್ನು ಗೂಡಿಗೆ ಅಟ್ಟುತ್ತಿದ್ದಾಗ ಹೆಡ್ಮಾಸ್ತರರು ಬಲಗೋಡೆಯ ಮೇಲಿಂದ ಕರೆದರು. ನಲವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿಕೊಟ್ಟವನು, ರಾತ್ರಿ ನಿದ್ದೆ ಬರುವುದಿಲ್ಲ, ಆ ತಣ್ಣಗಿನದು ನನ್ನದು ಟೇಲರ್ರೇ ಎಂದರು. ಪರವಾಗಿಲ್ಲ, ನಾಲ್ಕು ಉಳಿಯಿತು ಎಂದುಕೊಂಡ ಟೇಲರ್. ಎಡಗೋಡೆಯಿಂದ ಅಜ್ಜಿ, ನುಚ್ಚು ಹಾಕಿ ಕೆಡಿಸಿದ್ದೇ ನಾನು ಮಗಾ, ಅದಕ್ಕೇ ಒಂದು ತಂದಿಟ್ಟೆ, ನಿನ್ನ ಹೆಂಡ್ತಿಗೆ ಹೇಳ್ಬೇಡ ಎಂದಳು. ಮೂರು. ಬೇಕರಿಯವನು ಬೇಲಿಯ ಸಂದಿನಲ್ಲಿ ಕಣ್ಣು ಮಿಟುಕಿಸಿ ಒಂದು ಬೆರಳು ಎತ್ತಿ ತೋರಿಸಿ ಹೋದ. ಎರಡು.

ಒಳಗೆ ಬಂದರೆ ಹೆಂಡತಿ ಬೆನ್ನು ತಿರುಗಿಸಿ ಪಾತ್ರೆ ಜೋಡಿಸುತ್ತಿದ್ದಳು.

"ರೀ, ಒಂದು ಹೇಳ್ತೀನಿ, ನಗಬಾರ್ದು. ಬೆಳಗ್ಗೆ ಸಿಟ್ಟಲ್ಲಿ ಅಂದ್ಬಿಟ್ಟೆ. ಆಮೇಲೆ ಅಂಗಿ ಒಗೀವಾಗ ಆ ಚುಕ್ಕಿ ಬಂದು ನನ್ನ ಕಾಲ ಹತ್ರ ಕೂತ್ಕೊಂಡ್ತು. ಅದಿಲ್ಲದೆ ಹಿತ್ತಲು ಬಿಕೋ ಅನ್ನುತ್ತೆ ಅನ್ನಿಸ್ತು. ನಾನೂ ಒಂದು ಇಟ್ಟೆ."

ಟೇಲರ್ ನಗಲಿಲ್ಲ. ಒಂದು ಉಳಿಯಿತು. ಒಂದಾದರೂ ಒಂದೇ. ಆ ಒಂದರ ಸಲುವಾಗಿಯೇ ಅವನು ಮೊದಲೇ ತಂದಿಟ್ಟಿದ್ದ ಮೊಟ್ಟೆ ಕೋಳಿಯ ಮೇವಿನ ಮೂಟೆಯ ಹೊಲಿಗೆ ಬಿಚ್ಚಿ, ಹಳೆಯ ಮೇವಿಗೆ ಹಿಡಿಯಷ್ಟು ಬೆರೆಸಿಟ್ಟ. ನಾಳೆ ಯಾವುದರ ಪುಟದಲ್ಲಿ ಬರೆಯಬೇಕು, ಕೆಂಪಿಯದ್ದೋ ದೊಡ್ಡಕ್ಕನದ್ದೋ ಎಂದು ಯೋಚಿಸುತ್ತ ಕೂತಿದ್ದಾಗ ಫೋನು ಬಡಿದುಕೊಂಡಿತು. ಭಾಮೈದ. ಅಂಗಡಿಯಲ್ಲಿ ಯಾರೋ ಇರಬೇಕು, ದನಿ ತಗ್ಗಿಸಿ ಮಾತಾಡಿದ.

"ಭಾವ, ಅಕ್ಕನಿಗೆ ಹೇಳ್ಬೇಡಿ. ಆ ಪರದೆ ನೋಡಿದ್ಮೇಲೆ ಕೋಳಿ ಒಯ್ಯೋಕೆ ನನಗೂ ಮನಸ್ಸು ಬರ್ಲಿಲ್ಲ. ಇರ್ಲಿ ಅಂತ ಅಂಗಡಿಯಿಂದ ಒಂದು ಮೊಟ್ಟೆ ತಂದಿದ್ದೆ, ಕೈ ಒಳಗೆ ಬಿಟ್ಟಾಗ ಮೊದ್ಲು ಅದನ್ನ ಇಟ್ಟೆ. ಸುಳ್ಳು ಲೆಕ್ಕ ಬೇಡ ನಮ್ಮಲ್ಲಿ. ನಾಳೆಯಿಂದ ಆರು ಬೇಡ ಭಾವ, ಐದು ಕಳಿಸಿ. ಸಾಕು."