ನಮ್ಮ ಶುಕ್ರವಾರದ ಕೂಟದ ನಾಡಿಪರೀಕ್ಷೆ

ಎಂಟು ಜನ ಒಂದು ಸಣ್ಣ ಹಾಲ್‌ನಲ್ಲಿ ಕಣ್ಣು ಮುಚ್ಚಿ ಕೂತರೆ ಏನಾದರೊಂದು ಆಗೇ ಆಗುತ್ತೆ. ತೊಂಬತ್ತರ ದಶಕದಲ್ಲಿ ಕಾಕ್ಸ್‌ಟೌನಿನ ಒಬ್ಬರು ಆಂಟಿ ಮನೆಯಲ್ಲಿ ಪ್ರತಿ ಶುಕ್ರವಾರ ಸಂಜೆ ನಮ್ಮ ಚರ್ಚಿನವರ ಪ್ರಾರ್ಥನಾ ಕೂಟ ನಡೀತಿತ್ತು. ಈ ವಾರವಾದರೂ ಗಂಭೀರವಾಗಿ ಇರೋಣ ಅಂತ ನಾವೂ ಅಂದುಕೊಳ್ತಿದ್ವಿ. ಎಲ್ಲಿ ಬಂತು!

1. ಲೀಡರ್ ಆಯ್ಕೆ

ಕೂಟಕ್ಕೆ ಲೀಡರ್ ಆರಿಸಿದ ಶುಕ್ರವಾರ ನಾನು ಜ್ವರ ಬಂದು ಮಲಗಿದ್ದೆ. ಭಾನುವಾರ ಚರ್ಚಿನ ಗೇಟಲ್ಲೇ ಆಂಟಿ ಹಿಡಿದುಕೊಂಡರು.

"ನೀನೇ ಲೀಡರ್ ಕಣಮ್ಮ. ಎಲ್ಲರ ಬಾಯಲ್ಲೂ ನಿನ್ನ ಹೆಸರೇ ಬಂತು."

"ನಾನು ಬಂದೇ ಇರಲಿಲ್ವಲ್ಲ ಆಂಟಿ?"

"ಅದಕ್ಕೇ. ಬಂದಿದ್ದವರೆಲ್ಲ ಆಗಲ್ಲ ಅಂದ್ಬಿಟ್ರು."

ಆಮೇಲೆ ಒಂದು ವರ್ಷ ನಮ್ಮ ಕೂಟವನ್ನು ಯಾರೂ ಒಂದು ದಿನವೂ ತಪ್ಪಿಸಲಿಲ್ಲ. ಭಕ್ತಿಯಿಂದ ಅಂತ ನಮ್ಮ ಅಯ್ಯನವರು, ಅಂದರೆ ಪಾಸ್ಟರ್, ಎಲ್ಲರ ಮುಂದೆ ಹೊಗಳಿದರು. ನಾವು ತೆಪ್ಪಗೆ ತಲೆ ಬಗ್ಗಿಸಿದ್ವಿ.

2. ಗುಟ್ಟಾಗಿರಲಿ

ಆ ವರ್ಷ ಕಳೆದ ಮೇಲೆ ಕೆ.ಆರ್. ಪುರದಿಂದ ಒಂದು ಹೊಸ ಜೋಡಿ ಬಸ್ಸಲ್ಲಿ ಬರ್ತಿದ್ರು. ಒಂದು ಶುಕ್ರವಾರ ಗಂಡನಿಗೆ ಎರಡನೇ ಶಿಫ್ಟು, ಹುಡುಗಿ ಒಬ್ಬಳೇ ಬಂದಿದ್ದಳು. ಪ್ರಾರ್ಥನೆಗೆ ಏನಾದರೂ ವಿಷಯ ಇದೆಯಾ ಅಂತ ಕೇಳಿದೆ. ನಾಚಿಕೊಂಡು, "ನನಗೆ ಎರಡು ತಿಂಗಳು ಅಕ್ಕಾ. ದಯವಿಟ್ಟು ಯಾರಿಗೂ ಹೇಳ್ಬೇಡಿ, ಪ್ರಾರ್ಥನೆ ಮಾತ್ರ ಮಾಡಿ" ಅಂದಳು. ಎಲ್ಲರೂ ಆಣೆ ಇಟ್ಟಷ್ಟು ಗಟ್ಟಿಯಾಗಿ ತಲೆಯಾಡಿಸಿದೆವು.

ನಾವು ಯಾರಿಗೂ ಹೇಳಲಿಲ್ಲ. ಒಬ್ಬೊಬ್ಬರೂ ನಮಗೆ ಬೇಕಾದ ಇಬ್ಬರು ಮೂವರಿಗೆ "ಪ್ರಾರ್ಥನೆ ಮಾಡಿ" ಅಂದ್ವಿ, ಅಷ್ಟೇ. ಭಾನುವಾರ ಆರಾಧನೆ ಮುಗಿದ ಮೇಲೆ ಯಾರೋ ರಸೆಲ್ ಮಾರ್ಕೆಟ್ಟಿಂದ ತಂದ ಮಾವಿನಕಾಯಿ ಚೀಲವನ್ನು ಅವಳ ಗಂಡನ ಕೈಗೇ ಕೊಟ್ಟರು. ಅಯ್ಯನವರು ಬೆನ್ನು ತಟ್ಟಿ, "ಶುಭಾಶಯ ಕಣಪ್ಪ!" ಅಂದರು.

ಅವನು ಕಣ್ಣು ಕಣ್ಣು ಬಿಟ್ಟು, "ಯಾತಕ್ಕೆ ಅಯ್ಯನವರೇ?" ಅಂದ.

ಅವಳು ನನ್ನ ಕಡೆ ತಿರುಗಿ, "ಅವರಿಗೆ ಇವತ್ತು ಹೇಳೋಣ ಅಂತಿದ್ದೆ ಅಕ್ಕಾ" ಅಂದಳು.

3. ಆಫ್ರಿಕಾದಲ್ಲಿ ಆಮೆನ್

ಹಲಸೂರಿನ ಅಂಕಲ್ ಒಬ್ಬರಿದ್ದರು, ರೈಲ್ವೇಲಿ ರಿಟೈರ್ ಆದವರು. ಅವರ ಪ್ರಾರ್ಥನೆ ಗೂಡ್ಸ್ ಗಾಡಿಯ ಹಾಗೆ, ಕೊನೆ ಡಬ್ಬಿ ಕಾಣೋದೇ ಇಲ್ಲ. ಹಲಸೂರು ಕೆರೆಯಿಂದ ಹೊರಟು, ದೆಹಲಿ ಮುಟ್ಟಿ, ಸಮುದ್ರ ದಾಟಿ, ಒಂದೊಂದೇ ದೇಶ ಆಶೀರ್ವದಿಸುತ್ತಾ ಹೋಗೋರು. ಅತ್ತ ಆಂಟಿ ಕರಿದಿಟ್ಟ ಮಸಾಲೆ ವಡೆ ಆರುತ್ತಾ ಇರೋದು.

ಒಂದು ದಿನ ಅಂಕಲ್ ಆಫ್ರಿಕಾದಲ್ಲಿ ಇದ್ದಾಗ ಆಂಟಿ ಜೋರಾಗಿ "ಆಮೆನ್!" ಅಂದುಬಿಟ್ಟರು. ಹಸಿದಿದ್ದ ನಾವೂ "ಆಮೆನ್!" ಅಂದು ಕಣ್ಣು ಬಿಟ್ಟೆವು.

"ನಾನಿನ್ನೂ ಮುಗಿಸಿಲ್ಲ" ಅಂದರು ಅಂಕಲ್.

"ದೇವರಿಗೆ ಅರ್ಥ ಆಯ್ತು ರೀ. ತಟ್ಟೆ ತಗೊಳ್ಳಿ."

ಅಂಕಲ್ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಮತ್ತೆರಡು ವಾರ ಬರಲಿಲ್ಲ. ಅವರು ಬರದಿದ್ದರೆ ನಾವ್ಯಾಕೆ ಬರಬೇಕು ಅಂತ ಇನ್ನಿಬ್ಬರು ಬರೋದು ನಿಲ್ಲಿಸಿದರು. ಅದೇ ಹೊತ್ತಿಗೆ ಅಯ್ಯನವರು ಹೇಳಿಕಳಿಸಿದರು: ಸೊರಗಿದ ಕೂಟಗಳನ್ನು ಮುಚ್ಚಿ ಬೇರೆ ಕೂಟಕ್ಕೆ ಸೇರಿಸ್ತೀವಿ, ನಿಮ್ಮದು ಆರೋಗ್ಯವಾಗಿದೆಯಾ ಅಂತ ಬರೋ ಶುಕ್ರವಾರ ಬಂದು ನೋಡ್ತೀನಿ.

ಆ ಸುದ್ದಿ ಬಂದ ದಿನ ಆಂಟಿ ಬಾಗಿಲ ಹತ್ತಿರ ನಿಂತು, "ನಮ್ಮ ಯಜಮಾನರು ತೀರಿಕೊಂಡ ಮೇಲೆ ಈ ಮನೆ ಮುಂದೆ ಇಷ್ಟು ಚಪ್ಪಲಿ ಬೀಳೋದು ಶುಕ್ರವಾರ ಮಾತ್ರ ಕಣಮ್ಮ" ಅಂದರು. ಅದನ್ನು ಕೇಳಿ ನಾನು ಸೀದಾ ಹಲಸೂರಿಗೆ ಹೋಗಿ ಅಂಕಲ್‌ಗೆ ಕೈ ಮುಗಿದೆ.

"ಬರ್ತೀನಿ. ಆದ್ರೆ ಅವರ ಹತ್ರ ಒಂದು ಮಾತೂ ಆಡಲ್ಲ" ಅಂದರು.

4. ಮಾತು ಬಿಟ್ಟವರು

ಅಯ್ಯನವರು ನೋಟ್‌ಬುಕ್ ಹಿಡಿದು ಮಧ್ಯೆ ಕೂತರು. ಆ ಕಡೆ ಅಂಕಲ್, ಈ ಕಡೆ ಆಂಟಿ, ಒಬ್ಬರ ಮುಖ ಒಬ್ಬರು ನೋಡಲ್ಲ. ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡೋಣ ಅಂತ ಹೇಳಿ ಕಣ್ಣು ಮುಚ್ಚಿದೆ.

ಅಂಕಲ್ ಶುರುಮಾಡಿದರು. "ಕರ್ತನೇ, ನಮ್ಮಲ್ಲಿ ಕೆಲವರಿಗೆ ನಿನ್ನ ಸನ್ನಿಧಿಗಿಂತ ಬಾಣಲೆಯೇ ದೊಡ್ಡದಾಗಿದೆ. ಅವರನ್ನು ಕ್ಷಮಿಸು."

ಆಂಟಿ ಉಸಿರು ಬಿಡೋಕೂ ಕಾಯಲಿಲ್ಲ. "ಕರ್ತನೇ, ಕೆಲವರು ಮಂಡಿನೋವು ಇಟ್ಕೊಂಡು ಮಧ್ಯಾಹ್ನದಿಂದ ಒಲೆ ಮುಂದೆ ನಿಂತಿರ್ತಾರೆ. ಅದು ನಿನಗೊಬ್ಬನಿಗೇ ಗೊತ್ತು."

ಅಂಕಲ್ ದನಿ ತಗ್ಗಿಸಿ, "ಕರ್ತನೇ, ಮಂಡಿನೋವಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಯಾವ ಮಂಡಿ ಅಂತ ಗೊತ್ತಾದ್ರೆ ಚೆನ್ನಾಗಿತ್ತು."

"ಎಡಗಡೇದು, ಕರ್ತನೇ."

"ಎಡ ಮಂಡಿಯನ್ನು ಮುಟ್ಟು ಸ್ವಾಮಿ. ನಾನು ಸಿಟ್ಟು ಮಾಡಿಕೊಂಡಿದ್ದು ತಪ್ಪಾಯ್ತು ಅಂತ ಆ ಸಹೋದರಿಗೆ ತಿಳಿಸು."

"ತಿಳೀತು ಕರ್ತನೇ. ಎರಡು ವಾರ ಆ ಕುರ್ಚಿ ಖಾಲಿ ಇದ್ದಿದ್ದು ನೋಡೋಕಾಗಲಿಲ್ಲ ಅಂತ ನೀನೂ ಅವರಿಗೆ ಹೇಳು" ಅಂದರು ಆಂಟಿ.

ನಾನು ಮೆಲ್ಲಗೆ ಒಂದು ಕಣ್ಣು ತೆರೆದೆ. ಎಲ್ಲರೂ ಒಂದೊಂದು ಕಣ್ಣು ತೆರೆದೇ ಕೂತಿದ್ದರು. ಅಯ್ಯನವರು ಮಾತ್ರ ಎರಡೂ ತೆರೆದಿದ್ದರು. ಆಯ್ತು, ನಮ್ಮ ಕಥೆ ಮುಗೀತು ಅಂದುಕೊಂಡೆ. ಅವರು ನೋಟ್‌ಬುಕ್ ಮಡಚಿ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ಕೊನೆಯ ಪ್ರಾರ್ಥನೆ ತಾವೇ ಮಾಡಿದರು.

"ಕರ್ತನೇ, ಇವರನ್ನು ಬೇರೆ ಕೂಟಕ್ಕೆ ಸೇರಿಸಬೇಕು ಅಂದ್ಕೊಂಡಿದ್ದೆ. ಆ ಕೂಟದವರು ಏನು ಪಾಪ ಮಾಡಿದ್ದಾರೆ? ಇವರನ್ನು ಇಲ್ಲೇ ಇಟ್ಟು ಕಾಪಾಡು."